ಹೊಳಹುಗಳು ರಾಶಿ ಬಿದ್ದಿವೆ, ಮುಗಿದ ಕಥೆ ಒಂದೂ ಇಲ್ಲ. ಏನು ಮಾಡಲಿ?

ಪ್ರಶ್ನೆ: ಕಥೆಗೆಂದು ಮೊಬೈಲ್‌ನಲ್ಲಿ ಬರೆದಿಟ್ಟ ಹೊಳಹುಗಳು ತುಂಬಿ ಹೋಗಿವೆ. ಒಂದನ್ನು ಹಿಡಿದು ಕೂತರೆ ಎರಡನೆಯ ಪುಟದ ಹೊತ್ತಿಗೆ ಇನ್ನೊಂದು ಹೊಳೆಯುತ್ತದೆ, ಅದೇ ಹೆಚ್ಚು ಚೆನ್ನಾಗಿದೆ ಅನ್ನಿಸುತ್ತದೆ. ಆರಂಭಿಸಿದ್ದು ಬಹಳ, ಮುಗಿಸಿದ್ದು ಏನೂ ಇಲ್ಲ. ಇಷ್ಟನ್ನೆಲ್ಲ ಹೇಗೆ ನಿಭಾಯಿಸುವುದು?

ಉತ್ತರ: ಧಾರವಾಡದಲ್ಲಿ ಕಥಾ ಕಮ್ಮಟ ಎಲ್ಲಿ ನಡೆದರೂ ಚಹಾ ವಿರಾಮದಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರು ಗದಗಿನ ಬ್ಯಾಂಕ್ ನೌಕರರಿರಬಹುದು, ಹಾವೇರಿ ಕಡೆಯ ಶಾಲೆಯ ಶಿಕ್ಷಕಿ ಇರಬಹುದು, ಹುಬ್ಬಳ್ಳಿ ವಿದ್ಯಾನಗರದ ಹಾಸ್ಟೆಲ್ ಹುಡುಗ ಇರಬಹುದು. ಎಲ್ಲರ ದನಿಯಲ್ಲೂ ಸಂಕಟದ ಜೊತೆ ಒಂದಿಷ್ಟು ಹೆಮ್ಮೆ ಬೆರೆತಿರುತ್ತದೆ. ತಲೆ ತುಂಬ ಹೊಳಹುಗಳಿರುವುದು ಪ್ರತಿಭೆಯ ಗುರುತು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆಯಲ್ಲ! ಬೇಸರ ಮಾಡಿಕೊಳ್ಳಬೇಡಿ, ನನಗೆ ಬೇರೆಯೇ ಅನುಮಾನವಿದೆ. ನೀವು ಬರೆದಿಟ್ಟಿರುವುದರಲ್ಲಿ ಮುಕ್ಕಾಲು ಪಾಲು ಬರೀ ವಿಷಯಗಳು. ವಿಷಯಕ್ಕೆ ಬರಗಾಲವಿಲ್ಲ, ಬೆಳಗಿನ ಪತ್ರಿಕೆ ಬಿಡಿಸಿದರೆ ಹತ್ತು ಸಿಗುತ್ತವೆ. ಕಥೆಯ ಹೊಳಹು ಅಷ್ಟು ಸುಲಭಕ್ಕೆ ಸಿಗುವುದಿಲ್ಲ, ಸಿಕ್ಕಾಗ ನಾವು ಅದನ್ನು ವಿಷಯವಾಗಿ ಇಳಿಸಿ ಬರೆದಿಟ್ಟು ಕೆಡಿಸುತ್ತೇವೆ.

'ಬ್ಯಾಡಗಿ ಮಾರುಕಟ್ಟೆಯ ಕೂಲಿ ಹೆಂಗಸರ ಬವಣೆ' ಎಂದು ಬರೆದಿಟ್ಟಿದ್ದೀರಿ ಎನ್ನಿ. ಆರು ತಿಂಗಳ ನಂತರ ತೆರೆದು ನೋಡಿದರೆ ಅಲ್ಲಿರುವುದು ಪುರವಣಿ ಲೇಖನದ ಒಂದು ತಲೆಬರಹ. ಬರೆದ ದಿನ ನಿಮ್ಮನ್ನು ಅಲುಗಿಸಿದ್ದು ಏನೋ ಇತ್ತು, ಅದು ಆ ಸಾಲಿನಲ್ಲಿ ಉಳಿದಿಲ್ಲ. ಅದೇ ದಿನ ಕಂಡದ್ದನ್ನು ಹೀಗೆ ಬರೆದಿಟ್ಟಿದ್ದರೆ ಹೇಗಿರುತ್ತಿತ್ತು ನೋಡಿ:

'ದಿನವಿಡೀ ಮೆಣಸಿನಕಾಯಿ ತೊಟ್ಟು ಮುರಿದು ಬಂದವಳು ಕೂಸನ್ನು ಎತ್ತಿಕೊಳ್ಳಲಿಲ್ಲ. ಕೈಗೆ ಎಣ್ಣೆ ಹಚ್ಚಿ ತಿಕ್ಕಿ, ಸಾಬೂನು ಹಾಕಿ ತೊಳೆದು, ಅತ್ತೆಯ ಮೂಗಿನ ಹತ್ತಿರ ಅಂಗೈ ಹಿಡಿದಳು. ಅತ್ತೆ ಮೂಸಿ ತಲೆ ಅಲ್ಲಾಡಿಸಿದಳು. ಮತ್ತೆ ತೊಳೆಯಲು ಬಚ್ಚಲಿಗೆ ಹೋದಳು. ಬರುವಷ್ಟರಲ್ಲಿ ಕೂಸು ಅತ್ತೆಯ ಹೆಗಲ ಮೇಲೆ ನಿದ್ದೆ ಹೋಗಿತ್ತು.'

ಇದರಲ್ಲಿ ಬವಣೆ ಎಂಬ ಮಾತೇ ಇಲ್ಲ. ಮೂವರಿದ್ದಾರೆ. ಒಬ್ಬಳಿಗೆ ಒಂದು ಬೇಕಾಗಿದೆ, ಅದಕ್ಕೆ ಅಡ್ಡಿ ಅವಳ ಅಂಗೈಯಲ್ಲೇ ಇದೆ. ಮೇಲಾಗಿ ಒಂದು ಅನುಮಾನವೂ ಹುಟ್ಟುತ್ತದೆ: ಎರಡು ಬಾರಿ ತೊಳೆಯಬೇಕಾದಷ್ಟು ಘಾಟು ನಿಜಕ್ಕೂ ಉಳಿದಿತ್ತೇ, ಇಲ್ಲವೇ ಕೂಸನ್ನು ಬಿಟ್ಟುಕೊಡಲು ಅತ್ತೆಗೆ ಮನಸ್ಸಿರಲಿಲ್ಲವೇ? ಈ ಅನುಮಾನವೇ ಕಥೆ. ಎರಡು ವರ್ಷ ಬಿಟ್ಟು ಓದಿದರೂ ನೀವು ಮೊದಲ ಸಾಲು ಬರೆಯಬಲ್ಲಿರಿ.

ಹಾಗಾಗಿ ನಿಭಾಯಿಸುವ ಕೆಲಸ ಟಿಪ್ಪಣಿ ಬರೆಯುವ ಕ್ಷಣದಲ್ಲೇ ಶುರುವಾಗುತ್ತದೆ. ಕಂಡದ್ದನ್ನು, ಕೇಳಿದ್ದನ್ನು, ಮೂಗಿಗೆ ಬಡಿದದ್ದನ್ನು ಬರೆಯಿರಿ, ಅದರ ಅರ್ಥವನ್ನು ಬರೆಯಬೇಡಿ. ಅರ್ಥ ಆಮೇಲೆ ಬದಲಾಗುತ್ತದೆ, ಬದಲಾಗಲೂಬೇಕು. ಬಸ್ಸಿನಲ್ಲಿ ಕಿವಿಗೆ ಬಿದ್ದ ಮಾತಾದರೆ ಅದು ಬಿದ್ದ ಹಾಗೆಯೇ ಇರಲಿ, ಹಾವೇರಿಯವರ ಮಾತನ್ನು ಪಠ್ಯಪುಸ್ತಕದ ಕನ್ನಡಕ್ಕೆ ತಿದ್ದಿ ಇಟ್ಟರೆ ಮಾತನಾಡಿದವಳು ಅಲ್ಲೇ ಕಳೆದುಹೋಗುತ್ತಾಳೆ. ನೋಟ್‌ಬುಕ್ಕೋ ಮೊಬೈಲೋ ಎಂಬ ಚರ್ಚೆಯಲ್ಲಿ ನನಗೆ ಆಸಕ್ತಿಯಿಲ್ಲ. ಯಾವುದು ಕೈಗೆ ಬೇಗ ಸಿಗುತ್ತದೋ ಅದು.

ಎಷ್ಟು ಬರೆಯಬೇಕು? ಕಡಿಮೆ. ಹೆನ್ರಿ ಜೇಮ್ಸ್ ಎಂಬ ಕಾದಂಬರಿಕಾರ ತನ್ನದೊಂದು ಕೃತಿಯ ಮುನ್ನುಡಿಯಲ್ಲಿ ಅದರ ಮೂಲವನ್ನು ಹೇಳಿಕೊಂಡಿದ್ದಾನೆ. ಕ್ರಿಸ್‌ಮಸ್ ಹಿಂದಿನ ದಿನದ ಊಟದಲ್ಲಿ ಪಕ್ಕದಲ್ಲಿದ್ದ ಮಹಿಳೆ, ಮನೆಯ ಬೆಲೆಬಾಳುವ ಪೀಠೋಪಕರಣಗಳಿಗಾಗಿ ತಾಯಿಗೂ ಮಗನಿಗೂ ಬಿದ್ದ ಜಗಳದ ಸುದ್ದಿ ತೆಗೆದಳು. ಹತ್ತು ಪದ ಕಿವಿಗೆ ಬೀಳುವುದರೊಳಗೆ ಅವನಿಗೆ ಬೇಕಾದದ್ದು ಸಿಕ್ಕಿತ್ತು. ಆಕೆ ನಿಲ್ಲಿಸದೆ ಮುಂದೆ ನಡೆದದ್ದನ್ನೆಲ್ಲ ಹೇಳತೊಡಗಿದಾಗ ಅವನಿಗೆ ಕಿರಿಕಿರಿಯಾಯಿತು, ಏಕೆಂದರೆ ನಿಜ ಜೀವನ ಆ ಬೀಜವನ್ನು ದಡ್ಡತನದಿಂದ ಬೆಳೆಸಿತ್ತು. ನಮ್ಮ ಕಡೆ ಯಾವುದಾದರೂ ಕಟ್ಟೆಯ ಮೇಲೆ ಕೂತವರಿಗೆ ಈ ಕಿರಿಕಿರಿ ಅರ್ಥವಾಗುತ್ತದೆ. ಒಳ್ಳೆಯ ಸುದ್ದಿಯನ್ನು ಹೇಳುವವರು ಯಾವಾಗಲೂ ಪೂರ್ತಿ ಹೇಳುತ್ತಾರೆ.

ಹೊಳಹಿನ ಪಕ್ಕದಲ್ಲಿ ಇನ್ನೊಂದು ಸಾಲು ಇರಲಿ: ಇದಕ್ಕೆ ಮುಂದೆ ಏನು ಮಾಡಬೇಕು. ಇದರ ಹಿಂದೆ ಮನಶ್ಶಾಸ್ತ್ರದ ಒಂದು ಸಂಗತಿ ಇದೆ. ಅರ್ಧಕ್ಕೆ ನಿಂತ ಕೆಲಸ ಮುಗಿದ ಕೆಲಸಕ್ಕಿಂತ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ ಎಂದು ಬ್ಲೂಮಾ ಝೈಗಾರ್ನಿಕ್ 1927ರಲ್ಲಿ ಬರೆದಳು. ಈ ವಿಚಾರಕ್ಕೆ ದಾರಿ ಮಾಡಿಕೊಟ್ಟದ್ದು, ಬಿಲ್ ಕೊಡುವವರೆಗೆ ಮಾತ್ರ ಗಿರಾಕಿಗಳ ಆರ್ಡರನ್ನು ನೆನಪಿಟ್ಟುಕೊಳ್ಳುವ ಹೋಟೆಲ್ ಮಾಣಿಗಳು ಎಂದು ಹೇಳುವುದುಂಟು. 2011ರಲ್ಲಿ ಮಸಿಕಾಂಪೊ ಮತ್ತು ಬಾಮೈಸ್ಟರ್ ಎಂಬಿಬ್ಬರು ಇನ್ನೊಂದು ಹೆಜ್ಜೆ ಮುಂದೆ ಹೋದರು: ಕೆಲಸ ಮುಗಿಯದಿದ್ದರೂ ಸರಿ, ಯಾವಾಗ ಹೇಗೆ ಮಾಡುತ್ತೇನೆ ಎಂಬ ಸ್ಪಷ್ಟ ಯೋಜನೆ ಮಾಡಿಕೊಂಡರೆ ಅದು ನಡುನಡುವೆ ಬಂದು ಕಾಡುವುದು ಕಡಿಮೆಯಾಗುತ್ತದೆ ಎಂದು ತೋರಿಸಿದರು. ಆದ್ದರಿಂದ ಬ್ಯಾಡಗಿಯ ಟಿಪ್ಪಣಿಯ ಕೆಳಗೆ 'ತೊಟ್ಟು ಮುರಿಯುವ ಕೆಲಸ ಎಷ್ಟು ಹೊತ್ತಿಗೆ ಮುಗಿಯುತ್ತದೆ, ಕೇಳಬೇಕು' ಎಂದು ಬರೆದಿಟ್ಟರೆ ಅದು ನಿಮ್ಮನ್ನು ಬಿಟ್ಟು ಸುಮ್ಮನಿರುತ್ತದೆ. ಕೇಳಲು ಹೋದಾಗ ಇನ್ನೂ ಏನೇನೋ ಸಿಗುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಊರಿನವರಿಗೆಲ್ಲ ಗೊತ್ತಿರುವ ಈ ಮಾತು ನಿಮ್ಮ ಕಥೆಯ ಅತ್ತೆಗೆ ಗೊತ್ತಿಲ್ಲದಿರುತ್ತದೆಯೇ? ಖಾರದ ಅಂಶ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಹಾಗಿದ್ದರೆ ಸೊಸೆ ಎಣ್ಣೆ ಹಚ್ಚಿ ತೊಳೆದದ್ದು ಸರಿಯಾಗಿಯೇ ಇತ್ತು. ಎರಡು ಸಣ್ಣ ಸಂಗತಿಗಳು ಸೇರಿ ಅತ್ತೆಯ ಮೇಲಿನ ಅನುಮಾನವನ್ನು ಹೇಗೆ ಗಟ್ಟಿ ಮಾಡಿದವು ನೋಡಿದಿರಾ?

ಈಗ ರಾಶಿಯ ಮಾತು. ಬಹಳಷ್ಟು ಹೊಳಹುಗಳು ಒಂಟಿಯಾಗಿ ನಿಲ್ಲುವುದಿಲ್ಲ. ಅವು ಅರ್ಧ ಕಥೆಗಳು, ಇನ್ನರ್ಧ ನಿಮ್ಮದೇ ನೋಟ್‌ಬುಕ್ಕಿನ ಬೇರೆ ಪುಟದಲ್ಲಿರುತ್ತದೆ. ಹಿಂದೆ ಯಾವಾಗಲೋ ಹಾವೇರಿಯ ಮದುವೆಯೊಂದರಲ್ಲಿ ಕಂಡದ್ದನ್ನು 'ಕಿವಿ ಕೇಳುವುದಿಲ್ಲ ಎಂದು ನಟಿಸುವ ಅಜ್ಜಿ. ಊಟಕ್ಕೆ ಕರೆದರೆ ಮಾತ್ರ ಕೇಳುತ್ತದೆ' ಎಂದು ಬರೆದಿದ್ದೀರಿ ಎನ್ನೋಣ. ಅದು ಒಂದು ನಗೆಮಾತು, ಮುಂದಕ್ಕೆ ಹೋಗದೆ ನಿಂತಿದೆ. ಆ ಅಜ್ಜಿಯನ್ನು ಎಬ್ಬಿಸಿ ಬ್ಯಾಡಗಿಯ ಮನೆಗೆ ಕಳಿಸಿ. ಸೊಸೆ ಕರೆದರೆ ಕೇಳದ ಕಿವಿ ನಡುರಾತ್ರಿ ಕೂಸು ಮಿಸುಕಿದರೆ ಮೊದಲು ಕೇಳುತ್ತದೆ. ಸೊಸೆ ಅದನ್ನು ಎಂದು ಗಮನಿಸುತ್ತಾಳೆ? ಗಮನಿಸಿದ ಮೇಲೆ ಗಂಡನಿಗೆ ಹೇಳುತ್ತಾಳೋ, ಅತ್ತೆಯ ಮುಂದೆ ಸುಮ್ಮನೆ ಕೈ ಚಾಚುತ್ತಾಳೋ? ನಗೆಮಾತಿಗೆ ಮುಳ್ಳು ಬಂತು, ಬವಣೆಯ ಕಥೆಗೆ ನಗೆ ಬಂತು. ಕೈಯಲ್ಲಿ ಇಪ್ಪತ್ತು ಟಿಪ್ಪಣಿಗಳಿದ್ದರೆ ಇಪ್ಪತ್ತು ಕಥೆ ಬರೆಯಬೇಕು ಎಂದುಕೊಳ್ಳುವುದರಿಂದಲೇ ಎದೆ ಭಾರವಾಗುವುದು. ಅವುಗಳಲ್ಲಿ ಐದಾರು ಕಥೆಗಳಿದ್ದರೆ ಹೆಚ್ಚು, ಉಳಿದವು ಆ ಐದಾರರ ಸೋದರತ್ತೆ, ಪಕ್ಕದ ಮನೆ, ಮಳೆಗಾಲ, ಕೊನೆಯ ಸಾಲು.

ಕೆಲವು ಹೊಳಹುಗಳ ತೊಂದರೆ ಅವುಗಳ ಗಾತ್ರ. 'ಬೆಟಗೇರಿಯ ನೇಕಾರ ಮನೆತನದ ಮೂರು ತಲೆಮಾರು' ಎಂದು ಬರೆದಿಟ್ಟವರು ಎಂಟು ಪುಟದ ಕಥೆಗೆ ಕೂತರೆ ಮೊದಲ ತಲೆಮಾರಿನಲ್ಲೇ ಸುಸ್ತಾಗುತ್ತಾರೆ. ಅದನ್ನು ಕಾದಂಬರಿಗೆ ಎತ್ತಿಡಿ, ಇಲ್ಲವೇ ಒಂದು ದಿನವನ್ನು ಆರಿಸಿಕೊಳ್ಳಿ. ಮಗಳ ಮದುವೆಗೆಂದು ಪಡಸಾಲೆಗೆ ಟೈಲ್ಸ್ ಹಾಕಿಸುವ ದಿನ, ಮಗ್ಗದ ಕುಣಿಗೆ ಮಣ್ಣು ತುಂಬಲು ಬಂದ ಗಾರೆಯವನು ಇನ್ನೂ ಎಷ್ಟು ಬುಟ್ಟಿ ಬೇಕು ಎಂದು ಕೇಳುತ್ತಾನೆ. ಆ ಕುಣಿಯಲ್ಲಿ ಕಾಲು ಇಳಿಬಿಟ್ಟು ಜೀವಮಾನ ಕಳೆದ ಮುದುಕ ಉತ್ತರ ಹೇಳಬೇಕು. ಮೂರು ತಲೆಮಾರೂ ಅಲ್ಲೇ ನಿಂತಿರುತ್ತವೆ.

ಎರಡನೆಯ ಪುಟಕ್ಕೆ ಇನ್ನೊಂದು ಹೊಳೆಯುತ್ತದೆ ಎಂದಿರಲ್ಲ, ಅದು ಎಲ್ಲರಿಗೂ ಎರಡನೆಯ ಅಥವಾ ಮೂರನೆಯ ಪುಟದಲ್ಲೇ ಹೊಳೆಯುತ್ತದೆ. ಮೊದಲ ಪುಟ ಹೊಳಹಿನ ಬಲದಿಂದಲೇ ಸಾಗುತ್ತದೆ. ಅದು ಮುಗಿದ ಕೂಡಲೇ ನೀವು ಏನನ್ನಾದರೂ ತೀರ್ಮಾನಿಸಬೇಕಾಗುತ್ತದೆ: ಸೊಸೆ ಮಾತನಾಡುತ್ತಾಳೋ ಇಲ್ಲವೋ. ತೀರ್ಮಾನಿಸಿದರೆ ಉಳಿದ ದಾರಿಗಳೆಲ್ಲ ಮುಚ್ಚುತ್ತವೆ, ಕಥೆ ತಲೆಯೊಳಗಿದ್ದಷ್ಟು ಚಂದ ಉಳಿಯುವುದಿಲ್ಲ. ಆ ಹೊತ್ತಿಗೆ ಸರಿಯಾಗಿ ಮನಸ್ಸು ಇನ್ನೂ ಯಾವ ದಾರಿಯೂ ಮುಚ್ಚಿಲ್ಲದ ಹೊಸ ಹೊಳಹೊಂದನ್ನು ಮುಂದೆ ತಂದು ಇಡುತ್ತದೆ. ಅದು ಉತ್ತಮವಾಗಿ ಕಾಣುವುದು ಅದನ್ನು ಇನ್ನೂ ಬರೆದಿಲ್ಲ ಎಂಬ ಒಂದೇ ಕಾರಣಕ್ಕೆ. ಅದನ್ನು ಓಡಿಸಬೇಡಿ, ಹಿಂದೆಯೂ ಹೋಗಬೇಡಿ. ಶಾಲೆಯಲ್ಲಿ ನೋಟ್‌ಬುಕ್ಕನ್ನು ತಿರುಗಿಸಿ ಹಿಂದಿನ ಪುಟಗಳಲ್ಲಿ ರಫ್ ಲೆಕ್ಕ ಮಾಡುತ್ತಿದ್ದೆವಲ್ಲ, ಅದೇ ಪದ್ಧತಿ ಇಲ್ಲಿ ಸಾಕು. ಮುಂದಿನಿಂದ ಈಗಿನ ಕಥೆ, ಹಿಂದಿನಿಂದ ನಡುವೆ ನುಗ್ಗಿದವು. ನುಗ್ಗಿದ್ದಕ್ಕೆ ಎರಡು ಸಾಲು ಕೊಟ್ಟು, ನೋಟ್‌ಬುಕ್ ತಿರುಗಿಸಿ, ಬಿಟ್ಟ ವಾಕ್ಯಕ್ಕೆ ಮರಳಿ. ಮೊದಲ ಕರಡು ಕೆಟ್ಟದಾಗಿ ಮುಗಿದರೂ ಮುಗಿಯಲಿ. ಕೆಟ್ಟ ಕರಡನ್ನು ತಿದ್ದಬಹುದು, ಎರಡೂವರೆ ಪುಟವನ್ನು ತಿದ್ದಲು ಬರುವುದಿಲ್ಲ.

ಈ ಮಾತಿಗೆ ಗದಗಿನವರು ತಕ್ಷಣ ಕುಮಾರವ್ಯಾಸನನ್ನು ತಂದು ನಿಲ್ಲಿಸುತ್ತಾರೆ. ಹಲಗೆ ಬಳಪ ಹಿಡಿಯದ, ಇಟ್ಟ ಪದವನ್ನು ಅಳಿಸದ ಹೆಗ್ಗಳಿಕೆ ತನ್ನದು ಎಂದು ಅವನೇ ಹೇಳಿಕೊಂಡಿದ್ದಾನೆ. ವೀರನಾರಾಯಣನ ಗುಡಿಯ ಕಂಬದ ಹತ್ತಿರ ನಿಂತು ಈ ಮಾತನ್ನು ಕೇಳಿ, ಮನೆಗೆ ಬಂದು ತಮ್ಮ ಗೀಚು ತುಂಬಿದ ಹಾಳೆಗಳನ್ನು ನೋಡಿ ನಾಚಿದವರು ಎಷ್ಟು ಜನರೋ! ಆ ಹೆಗ್ಗಳಿಕೆ ಅವನಿಗೇ ಇರಲಿ. ನಾವು ಅವನಿಂದ ಕಲಿಯಬಹುದಾದದ್ದು ಬೇರೊಂದಿದೆ, ಅದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಹದಿನೆಂಟು ಪರ್ವಗಳ ಭಾರತದಲ್ಲಿ ಅವನು ಬರೆದದ್ದು ಹತ್ತು. ಗದಾಪರ್ವಕ್ಕೆ ನಿಲ್ಲಿಸಿದ. ಉಳಿದ ಎಂಟನ್ನು ಮುಂದೆ ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದ. ಹತ್ತು ಪರ್ವಗಳ ಕವಿಯನ್ನು ಅರೆಬರೆ ಕವಿ ಎಂದು ಕರೆದವರಿಲ್ಲ, ಎಂಟು ಪರ್ವಗಳು ತಪ್ಪಿಹೋದವು ಎಂದು ಗಮಕದ ಸಭೆಯಲ್ಲಿ ಕೊರಗಿದವರನ್ನೂ ನಾನು ಕಂಡಿಲ್ಲ. ಎಲ್ಲವನ್ನೂ ಬರೆಯಬೇಕಾಗಿಲ್ಲ.

ಇನ್ನು, ಹೊಳಹನ್ನು ಯಾರಿಗೆ ಹೇಳಬೇಕು? ಆದಷ್ಟು ಯಾರಿಗೂ ಬೇಡ. ಧಾರವಾಡ ಮಾತಿನ ಊರು. ಚಹಾ ಮುಗಿಯುವುದರೊಳಗೆ ಕಥೆ ಹೇಳಿ ಮುಗಿಸಿ, ಕೇಳಿದವರಿಂದ ಭೇಷ್ ಎನಿಸಿಕೊಂಡವರಿಗೆ ಬರೆಯುವ ಹಸಿವು ಉಳಿಯುವುದಿಲ್ಲ. ಬರೆದದ್ದನ್ನು ಓದಿ ತೋರಿಸುವುದು ಬೇರೆ. ಬೇಂದ್ರೆಯವರ ಸುತ್ತ ಕೂಡಿದ್ದ ಗೆಳೆಯರ ಗುಂಪಿನಿಂದ ಹಿಡಿದು ಸುಭಾಸ ರಸ್ತೆಯ ಮನೋಹರ ಗ್ರಂಥಮಾಲೆಯ ಅಟ್ಟದವರೆಗೆ ಈ ಊರಿನಲ್ಲಿ ಅದಕ್ಕೆ ದೊಡ್ಡ ಪರಂಪರೆಯೇ ಇದೆ. ಅಲ್ಲಿಗೆ ಹಾಳೆ ಹಿಡಿದು ಹೋಗಬೇಕು, ಹೊಳಹು ಹಿಡಿದಲ್ಲ.

ಹೇಳಿದರೆ ಕದಿಯುತ್ತಾರೆ ಎಂಬ ಭಯವೂ ಕೆಲವರಿಗಿದೆ. ಕಾನೂನಿನ ಪ್ರಕಾರ ಬರೀ ಹೊಳಹಿಗೆ ಯಾರ ಒಡೆತನವೂ ಇಲ್ಲ. ವಿಷಯಕ್ಕೆ, ಕಥಾವಸ್ತುವಿಗೆ ಕೃತಿಸ್ವಾಮ್ಯ ಸಿಗುವುದಿಲ್ಲ, ಅದನ್ನು ಬರೆದ ರೀತಿಗೆ ಸಿಗುತ್ತದೆ ಎಂದು ಸುಪ್ರೀಂ ಕೋರ್ಟ್ 1978ರಲ್ಲೇ ಹೇಳಿದೆ. ಬರೆದು ಮುಗಿಸುವುದೇ ಅದನ್ನು ನಿಮ್ಮದಾಗಿಸಿಕೊಳ್ಳುವ ದಾರಿ.

ಕೊನೆಗೆ, ಮೊಬೈಲ್‌ನಲ್ಲಿ ಈಗಾಗಲೇ ತುಂಬಿರುವುದನ್ನು ಏನು ಮಾಡುವುದು ಎಂಬುದು. ಒಂದು ದಿನ ಗೊತ್ತು ಮಾಡಿಕೊಳ್ಳಿ. ಅಮಾವಾಸ್ಯೆ ಒಳ್ಳೆಯದು, ನಮ್ಮ ಕಡೆ ಅಂಗಡಿ ಪೂಜೆಯ ಗಲಾಟೆಯಲ್ಲಿ ಆ ದಿನ ತಾನಾಗಿಯೇ ನೆನಪಾಗುತ್ತದೆ. ಮೊದಲು ಮೊಬೈಲ್ ಮುಟ್ಟದೆ, ನೆನಪಿಗೆ ಬರುವ ಹೊಳಹುಗಳನ್ನು ಒಂದು ಹಾಳೆಯ ಮೇಲೆ ಬರೆಯಿರಿ. ತಾವಾಗಿ ಬಂದವು ಮೂರೋ ನಾಲ್ಕೋ ಇರುತ್ತವೆ. ಆಮೇಲೆ ಪಟ್ಟಿ ತೆರೆದು ಓದಿ. ವಿಷಯವಾಗಿ ಮಾತ್ರ ಉಳಿದವುಗಳ ಎದುರು 'ಅಂದು ಏನು ಕಂಡೆ?' ಎಂದು ಕೇಳಿಕೊಳ್ಳಿ. ಉತ್ತರ ಹೊಳೆದರೆ ಅದನ್ನು ಸೇರಿಸಿ, ಹೊಳೆಯದಿದ್ದರೆ ಹಾಗೇ ಬಿಡಿ. ಅಳಿಸುವ ಅಗತ್ಯವಿಲ್ಲ, ಮುಂದೆ ಯಾವುದಾದರೂ ಕಥೆಗೆ ಅದು ಪಕ್ಕದ ಮನೆಯಾದೀತು. ಹಾಳೆಯ ಮೇಲೆ ತಾವಾಗಿ ಬಂದವುಗಳಲ್ಲಿ ಒಂದನ್ನು ಆರಿಸಿ, ಅದಕ್ಕೊಂದು ಗಡುವು ಕೊಡಿ. ಪತ್ರಿಕೆಗಳ ದೀಪಾವಳಿ ಕಥಾಸ್ಪರ್ಧೆಗಳು ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತವೆ. ಬಹುಮಾನ ಬರಲಿ ಬಿಡಲಿ, ಕೊನೆಯ ದಿನಾಂಕವಂತೂ ಬಂದೇ ಬರುತ್ತದೆ. ಪ್ರಕಟಣೆಯಲ್ಲಿ ಪದಮಿತಿ ಎಷ್ಟಿದೆ ಎಂದು ಮೊದಲೇ ನೋಡಿಕೊಳ್ಳಿ. ಬೆಟಗೇರಿಯ ಮೂರು ತಲೆಮಾರನ್ನು ಅಲ್ಲಿಗೆ ಕಳಿಸಬೇಡಿ.