ಸೌಲನ ಮಗನಿಗೆ ಎರಡು ಹೆಸರು ಯಾಕೆ?

ಬೈಬಲ್ಲಿನ ಒಂದನೇ ಪೂರ್ವಕಾಲವೃತ್ತಾಂತದ ಮೊದಲ 9 ಅಧ್ಯಾಯ ಹೆಚ್ಚೂಕಮ್ಮಿ ಬರೀ ಹೆಸರುಗಳು. ಇವನ ಮಗ ಅವನು, ಅವನ ಮಗ ಇನ್ನೊಬ್ಬ. ಓದುವವರು ಸುಮ್ನೆ ಪುಟ ಮಗುಚುತ್ತಾರೆ. ಆದರೆ 8ನೇ ಅಧ್ಯಾಯದಲ್ಲಿ, ಇಸ್ರಾಯೇಲಿನ ಮೊದಲ ಅರಸ ಸೌಲನ ಮಕ್ಕಳ ಸಾಲಿನಲ್ಲಿ ಎಷ್ಬಾಳ ಅಂತ ಒಬ್ಬನಿದ್ದಾನೆ. ಬೈಬಲ್ಲಿನ ಇನ್ನೊಂದು ಪುಸ್ತಕ ಎರಡನೇ ಸಮುವೇಲದಲ್ಲಿ ಇದೇ ಮಗ ಈಷ್ಬೋಶೆತ.

ಹೀಬ್ರೂವಿನಲ್ಲಿ ‘ಈಷ್’ ಅಂದರೆ ಮನುಷ್ಯ. ಬಾಳ ಅಂದರೆ ಕಾನಾನ್ ನಾಡಿನವರು ಪೂಜಿಸುತ್ತಿದ್ದ ದೇವರು. ಎಷ್ಬಾಳ ಅಂದರೆ ಬಾಳನ ಮನುಷ್ಯ. ‘ಬೋಶೆತ್’ ಅಂದರೆ ನಾಚಿಕೆ. ಮಗನಿಗೆ ‘ನಾಚಿಕೆಯ ಮನುಷ್ಯ’ ಅಂತ ಯಾವ ಅಪ್ಪ ಹೆಸರಿಡುತ್ತಾನೆ? ಬಾಳನ ಹೆಸರು ಬೇಡವೆನಿಸಿ ಆಮೇಲೆ ತಿದ್ದಿದ ಹೆಸರು ಅದು ಅನ್ನುತ್ತಾರೆ ಹೆಚ್ಚಿನ ವಿದ್ವಾಂಸರು. ಸೌಲನ ಇನ್ನೊಬ್ಬ ಮಗ ಯೋನಾತಾನ. ಅವನ ಮಗ ಮೆರೀಬ್ಬಾಳನೂ ಹೀಗೇ ಮೆಫೀಬೋಶೆತ ಆದ.

ಹಳೆಯ ಹೀಬ್ರೂ ಹೆಸರುಗಳು ಎಷ್ಟೋ ಸಲ ಪುಟ್ಟ ವಾಕ್ಯಗಳು. ದೇವರದೊಂದು ತುಂಡು, ಆತ ಮಾಡಿದ್ದು ಇನ್ನೊಂದು. ಯೋನಾತಾನನ ಹೆಸರನ್ನೇ ನೋಡಿ. ‘ಯೋ’ ಅಂದರೆ ಇಸ್ರಾಯೇಲಿನ ದೇವರು ಯೆಹೋವ, ‘ನಾತಾನ್’ ಅಂದರೆ ಕೊಟ್ಟನು. ನಮ್ಮ ದೇವದತ್ತನ ಹಾಗೆ.

ಹಾಗಾದರೆ ಒಂದೇ ಮನೆಯಲ್ಲಿ ಒಬ್ಬ ಯೆಹೋವನವನು, ಒಬ್ಬ ಬಾಳನವನು. ಸೌಲ ಎರಡು ದೋಣಿಗೆ ಕಾಲಿಟ್ಟಿದ್ದನಾ? ಅಷ್ಟು ಸಲೀಸಲ್ಲ. ‘ಬಾಳ್’ ಮೂಲದಲ್ಲಿ ದಿನಬಳಕೆಯ ಪದ: ಒಡೆಯ, ಮಾಲೀಕ, ಗಂಡ. ನಮ್ಮಲ್ಲಿ ಹೆಂಗಸರು ‘ಯಜಮಾನ್ರು’ ಅಂತಾರಲ್ವಾ, ಹಾಗೆ. ಇವತ್ತಿನ ಹೀಬ್ರೂವಿನಲ್ಲೂ ಗಂಡನಿಗೆ ಇದೇ ಪದ. ಕಾನಾನಿನ ಮಳೆ ದೇವರಿಗೂ ಇದೇ ಬಿರುದು. ಒಂದು ಕಾಲಕ್ಕೆ ಯೆಹೋವನನ್ನೂ ಹೀಗೆ ಕರೆದಿರಬೇಕು. ಮುಂದೆ ಅರಸನಾದ ದಾವೀದನ ಬಂಟರಲ್ಲಿ ಬೆಯಲ್ಯ ಅನ್ನುವವನಿದ್ದ. ಅವನ ಹೆಸರಿನ ಅರ್ಥವೇ ‘ಯೆಹೋವನು ಒಡೆಯ’. ದಾವೀದನ ಸ್ವಂತ ಮಗನೊಬ್ಬ ಒಂದು ಕಡೆ ಬೆಲ್ಯಾದ, ಇನ್ನೊಂದು ಕಡೆ ಎಲ್ಯಾದ.

ಕ್ರಿ.ಪೂ. 8ನೇ ಶತಮಾನದ ಹೊತ್ತಿಗೆ ಈ ಪದ ಇರುಸುಮುರುಸು ತರತೊಡಗಿತ್ತು. ಇನ್ನು ನೀನು ನನ್ನನ್ನು ‘ನನ್ನ ಬಾಳ್’ ಅನ್ನುವುದಿಲ್ಲ, ‘ನನ್ನ ಈಷ್’ ಅನ್ನುತ್ತೀ ಎಂದು ಪ್ರವಾದಿ ಹೋಶೇಯನ ಗ್ರಂಥದಲ್ಲಿ ದೇವರೇ, ಇಸ್ರಾಯೇಲನ್ನು ಹೆಂಡತಿಯಂತೆ ಕಂಡು, ಹೇಳುತ್ತಾನೆ. ಎರಡಕ್ಕೂ ಗಂಡ ಅಂತಲೇ ಅರ್ಥ. ಆದರೂ ಆ ಕಾಲದಲ್ಲಿ ಜನರ ಹೆಸರುಗಳಲ್ಲಿ ಬಾಳ ಇನ್ನೂ ಇದ್ದ. ಇಸ್ರಾಯೇಲಿನ ರಾಜಧಾನಿಯಾಗಿದ್ದ ಸಮಾರ್ಯದಲ್ಲಿ 1910ರಲ್ಲಿ ಸಿಕ್ಕ, ಅದೇ ಶತಮಾನದ ಮಡಕೆ ಚೂರುಗಳಲ್ಲಿ ದ್ರಾಕ್ಷಾರಸ, ಎಣ್ಣೆಯ ಲೆಕ್ಕವಿದೆ. ಅಲ್ಲಿ ಬಾಳನ ಹೆಸರಿನವರೂ ಯೆಹೋವನ ಹೆಸರಿನವರೂ ಅಕ್ಕಪಕ್ಕ.

ಸಮುವೇಲದಲ್ಲಿ ತಿದ್ದಿದವರು ವಂಶಾವಳಿಯಲ್ಲಿ ಯಾಕೆ ಬಿಟ್ಟರು? ಸಮುವೇಲವನ್ನು ಜನ ಜಾಸ್ತಿ ಓದುತ್ತಿದ್ದರು, ಪಟ್ಟಿಗಳತ್ತ ಯಾರೂ ಅಷ್ಟು ಕಣ್ಣು ಹಾಯಿಸಲಿಲ್ಲ ಅನ್ನುವುದು ಒಂದು ವಿವರಣೆ. ಪುಟ ಮಗುಚುವ ಚಟ ಇವತ್ತಿನದಲ್ಲ ಅನಿಸುತ್ತದೆ ನನಗೆ.

ಪಟ್ಟಿಯ ಹಳೆಯ ರೂಪಕ್ಕೆ ಮಣ್ಣಿನ ಸಾಕ್ಷಿಯೂ ಇದೆ. ಜೆರುಸಲೇಮಿನ ನೈರುತ್ಯಕ್ಕಿರುವ ಖಿರ್ಬೆತ್ ಕೆಯಾಫಾದಲ್ಲಿ 2012ರಲ್ಲಿ ಒಂದು ಹಂಡೆಯಷ್ಟು ದೊಡ್ಡ ಮಡಕೆಯ ಚೂರುಗಳು ಸಿಕ್ಕವು. ಜೋಡಿಸಿದಾಗ, ಸುಡುವ ಮೊದಲೇ ಹಸಿಮಣ್ಣಿನಲ್ಲಿ ಗೀಚಿದ ಅಕ್ಷರಗಳು ಕಂಡವು. ಸುಮಾರು 3000 ವರ್ಷ ಹಳೆಯವು. ಅದರಲ್ಲಿರುವುದು ಎಷ್ಬಾಳನ ಹೆಸರೇ. ಆದರೆ ಇವನು ಸೌಲನ ಮಗನಲ್ಲ, ಬೇದಾ ಎಂಬವನ ಮಗ.