ನೆರೆ ಬಂದಾಗ ನಂಗೆ ಮೊದಲು ಬೇಕಾಗೋದು ಊರಿನವರ ನೋಟ್‌ಬುಕ್

2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಡ್ಯಾಮಿಂದ ನೀರು ಬಿಟ್ಟು ಮಲಪ್ರಭಾ ಉಕ್ಕಿ ಹರಿದಾಗ ನಾನು ಬಾಗಲಕೋಟೆ ಜಿಲ್ಲೆಯ ಒಂದು ಕಾಳಜಿ ಕೇಂದ್ರದಲ್ಲಿ ಡ್ಯೂಟಿ ಮಾಡ್ತಿದ್ದೆ. ಸರ್ಕಾರಿ ಶಾಲೆ, ಕ್ಲಾಸ್‌ರೂಮ್ ತುಂಬಾ ಜನ, ವರಾಂಡದಲ್ಲಿ ಒದ್ದೆ ಕೌದಿ. ನಾವು ತಂದಿದ್ದು ಭೇದಿ ನಿಲ್ಲಿಸೋ ಮಾತ್ರೆ, ಓಆರ್‌ಎಸ್, ಜ್ವರದ ಮಾತ್ರೆ, ಗಾಯಕ್ಕೆ ಹಚ್ಚೋ ಮುಲಾಮು. ನೆರೆ ಅಂದ್ರೆ ವಾಂತಿಭೇದಿ ಅಂತ ತಲೇಲಿ ಕೂತಿತ್ತಲ್ಲ, ಅದಕ್ಕೆ.

ಎರಡನೇ ದಿನ ಬೆಳಿಗ್ಗೆ ಅದೇ ಊರಿನ ಆಶಾ ಕಾರ್ಯಕರ್ತೆ ಬಂದು, "ಸರ್, ಆ ಮೂಲ್ಯಾಗ ಕುಂತಾಳಲ್ರಿ ಆಯಿ, ಶುಗರ್ ಗುಳಿಗಿ ತಗೊಂಡು ಮೂರು ದಿನ ಆತ್ರಿ, ಚೀಲ ನೀರಾಗ ಹೋಗೇತಿ" ಅಂದ್ರು. ಆಮೇಲೆ ಒಂದು ನೋಟ್‌ಬುಕ್ ತೆಗೆದ್ರು, ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿದ್ದು. ಯಾರಿಗೆ ಬಿಪಿ, ಯಾರಿಗೆ ಇನ್ಸುಲಿನ್, ಯಾರು ಟಿಬಿ ಮಾತ್ರೆ ಮೇಲಿದ್ದಾರೆ, ಯಾರಿಗೆ ಎಂಟನೇ ತಿಂಗಳು, ಎಲ್ಲಾ ಓಣಿ ಪ್ರಕಾರ ಬರೆದಿತ್ತು. ಅವರ ಮನೇಗೂ ನೀರು ನುಗ್ಗಿತ್ತು, ಆದ್ರೂ ಆ ನೋಟ್‌ಬುಕ್ ಎತ್ಕೊಂಡೇ ಹೊರಗೆ ಬಂದಿದ್ರು. ಇಂಥವರನ್ನ ಲೆಕ್ಕದಲ್ಲಿ ಇವತ್ತಿಗೂ ಸ್ವಯಂಸೇವಕಿಯರು ಅಂತಲೇ ಇಟ್ಟು ಸಂಬಳದ ಬದಲು ಗೌರವಧನ ಕೊಡ್ತಾರೆ ಅನ್ನೋದು ನಂಗೆ ಇನ್ನೂ ಸಂಕಟದ ವಿಷಯ.

ಅವತ್ತಿನ ಮಟ್ಟಿಗೆ ನನ್ನ ಕೆಲಸದ ದಿಕ್ಕೇ ಬದಲಾಯ್ತು. ಮಾತ್ರೆ ತಪ್ಪಿದ ಬಿಪಿ ಪೇಷೆಂಟ್‌ಗೆ ಲಕ್ವಾ ಹೊಡೀಬಹುದು, ಟಿಬಿ ಮಾತ್ರೆ ಮಧ್ಯದಲ್ಲಿ ನಿಂತ್ರೆ ಕಾಯಿಲೆ ತಿರುಗಿ ಬೀಳತ್ತೆ, ಮಾತ್ರೆಗೆ ಬಗ್ಗದೇ ಹೋಗಬಹುದು, ಅದೂ ಒಂದೇ ರೂಮಲ್ಲಿ ಅಷ್ಟೊಂದು ಜನ ಮಲಗಿರುವಾಗ. ಕರೆಂಟ್ ಇಲ್ಲದ ಕಡೆ ಇನ್ಸುಲಿನ್ ಬಾಟಲಿನ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಮಣ್ಣಿನ ಕುಡಿಕೇಲಿಟ್ಟು, ಆ ಕುಡಿಕೇನ ಒದ್ದೆ ಮರಳಲ್ಲಿ ಕೂರಿಸಿದ್ರೆ ತಂಪಾಗಿರತ್ತೆ. ಅದನ್ನ ಮಾಡಿಕೊಟ್ಟೋರೂ ಊರಿನ ಸ್ತ್ರೀಶಕ್ತಿ ಸಂಘದ ಹೆಂಗಸರೇ.

ನೀರಿನ ಕೆಲಸ ಕಾಲೇಜ್ ಹುಡುಗರು ತಗೊಂಡ್ರು. ಇಲ್ಲಿ ಉತ್ಸಾಹ ಇದ್ರೆ ಸಾಲಲ್ಲ, ಕೈ ಅಳತೆ ಬೇಕು. ಮೊದಲ ದಿನ ಒಬ್ಬ ಬ್ಲೀಚಿಂಗ್ ಪೌಡರ್‌ನ ಮುಷ್ಟಿಲಿ ತಗೊಂಡು ಸೀದಾ ಟ್ಯಾಂಕಿಗೆ ಸುರಿದಿದ್ದ, ನೀರು ಘಾಟು ಹೊಡೀತು, ಜನ ಅದನ್ನ ಬಿಟ್ಟು ಹಳ್ಳದ ನೀರು ತರೋಕೆ ಹೋದ್ರು. ತಿಳಿ ನೀರಾದ್ರೆ ಸಾವಿರ ಲೀಟರ್‌ಗೆ ಸುಮಾರು 2.5 ಗ್ರಾಂ ಒಳ್ಳೇ ಪೌಡರ್ ಸಾಕು. ಬಕೆಟ್‌ನಲ್ಲಿ ಕಲಸಿ, ಸುಣ್ಣ ಕೆಳಗೆ ಕೂತ ಮೇಲೆ ಮೇಲಿನ ತಿಳಿ ಮಾತ್ರ ಟ್ಯಾಂಕಿಗೆ ಹಾಕಬೇಕು, ಒಂದು ಗಂಟೆ ಬಿಡಬೇಕು, ಆಮೇಲೆ ಓಟಿ ಟೆಸ್ಟ್, ಅಂದ್ರೆ ಆರ್ಥೊಟಾಲಿಡಿನ್ ಅನ್ನೋ ದ್ರಾವಣದ ಹನಿ ಹಾಕಿ ನೀರಲ್ಲಿ ಕ್ಲೋರಿನ್ ಇದೆಯಾ ಅಂತ ನೋಡೋದು. ಹನಿ ಬಿಟ್ಟ ತಕ್ಷಣ ನೀರು ಹಳದಿಗೆ ತಿರುಗಿದ್ರೆ ಕ್ಲೋರಿನ್ ಉಳಿದಿದೆ ಅಂತ ಅರ್ಥ. ನೀರು ಕದಡಿದ್ರೆ ಪೌಡರ್ ಜಾಸ್ತಿ ಬೇಕು, ಎಷ್ಟು ಅನ್ನೋದನ್ನ ಟೆಸ್ಟೇ ಹೇಳಬೇಕು, ಅಂದಾಜು ಬೇಡ. ಓಆರ್‌ಎಸ್ ಕೂಡ ಹಾಗೇ, ದೊಡ್ಡ ಪ್ಯಾಕೆಟ್ ಪೂರ್ತಿ ಒಂದು ಲೀಟರ್‌ಗೆ, ಲೋಟಕ್ಕೆ ಸ್ವಲ್ಪ ಸ್ವಲ್ಪ ಉದುರಿಸಿ ಕೊಡಬಾರದು.

ನೀರು ಇಳಿದ ಮೇಲೆ ಮಾಧ್ಯಮದವರು ಹೋಗ್ತಾರೆ, ಬಿಸ್ಕೆಟ್ ಲಾರಿಗಳೂ ನಿಲ್ಲತ್ತೆ, ಇಲಿ ಮೂತ್ರ ಸೇರಿದ ನೀರು-ಕೆಸರಿಂದ ಹರಡೋ ಇಲಿಜ್ವರ ಬರೋದು ಆಗ. ಕೆಸರಲ್ಲಿ ಬರಿಗಾಲಲ್ಲಿ ಮನೆ ತೊಳೆದವರಿಗೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಜ್ವರ, ಮೀನಖಂಡದ ನೋವು, ಕೆಂಪು ಕಣ್ಣು. ಕೆಸರಲ್ಲಿ ಕೆಲಸ ಮಾಡೋ ದೊಡ್ಡವರಿಗೆ ಇಲಿಜ್ವರ ಬಾರದಿರಲಿ ಅಂತ ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯೋಟಿಕ್ ಕೊಡೋದುಂಟು, ಆದ್ರೆ ಬಸುರಿಯರಿಗೆ, ಸಣ್ಣ ಮಕ್ಕಳಿಗೆ ಅಲ್ಲ, ಅದೂ ಡಾಕ್ಟರ್ ಹೇಳಿದ ಮೇಲೆ ಮಾತ್ರ. ಸ್ವಯಂಸೇವಕರು ಮಾತ್ರೆ ಹಂಚೋಕೆ ಹೋಗಬೇಡಿ, ಬೂಟು ಹಾಕಿಸಿ, ಕಾಲಿನ ಗಾಯ ನೋಡಿ, ಜ್ವರ ಬಂದವರ ಹೆಸರನ್ನ ಅವತ್ತೇ ಪಿಎಚ್‌ಸಿಗೆ ಮುಟ್ಟಿಸಿ.

ಈಗ ಪ್ರತಿ ವರ್ಷ ಮೇ ತಿಂಗಳಲ್ಲೇ ನದಿ ದಂಡೆ ಊರುಗಳ ಹುಡುಗರನ್ನ, ಸಂಘದ ಹೆಂಗಸರನ್ನ ಆಶಾ ಜೊತೆ ಕೂರಿಸಿ ಓಣಿ ಪ್ರಕಾರ ಪಟ್ಟಿ ಬರೆಸ್ತೀನಿ, ಮನೆಯವರು ಒಪ್ಪಿದ್ರೆ ಮಾತ್ರ. ಹೆಸರು, ಮಾತ್ರೆ, ಯಾರ ಫೋನಿಗೆ ಹೇಳಬೇಕು, ರಾತ್ರಿ ನೀರು ಬಂದ್ರೆ ಆಯಿನ ಎತ್ಕೊಂಡು ಬರೋರು ಯಾರು. ಟಿಬಿ ಅಂತ ಬರೆದ ಹಾಳೆ ಮಾತ್ರ ಬೇರೆ ಇರತ್ತೆ, ಅದು ಆಶಾ ಹತ್ರಾನೇ.