ಹಸಿಯೂ ಉಳಿಯಬಾರದು, ಕಣವೂ ಊದಬಾರದು: ಕುಲುಮೆಯನ್ನು ಎಷ್ಟಕ್ಕೆ ಇಡಲಿ?

ಪ್ರಶ್ನೆ: ಬೇರಿಯಂ ಕಾರ್ಬೊನೇಟ್ ಮತ್ತು ಟೈಟಾನಿಯಂ ಡೈಆಕ್ಸೈಡ್ ಪುಡಿಗಳನ್ನು ಅರೆದು, ಕುಲುಮೆಯಲ್ಲಿಟ್ಟು, ಕೆಪಾಸಿಟರ್‌ಗಳಲ್ಲಿ (ವಿದ್ಯುತ್ತನ್ನು ಹಿಡಿದಿಡುವ ಬಿಡಿಭಾಗಗಳಲ್ಲಿ) ಬಳಸುವ ಬೇರಿಯಂ ಟೈಟನೇಟ್ ಮಾಡುತ್ತಿದ್ದೇನೆ. 800 ಡಿಗ್ರಿಯಲ್ಲಿ ಪ್ರತಿಕ್ರಿಯೆ ಅರ್ಧಕ್ಕೇ ನಿಲ್ಲುತ್ತದೆ. 1200ರಲ್ಲಿ ಮುಗಿಯುತ್ತದೆ, ಆದರೆ ಕಣಗಳು ಮೈಕ್ರಾನ್ ಗಾತ್ರಕ್ಕೆ ಊದಿಕೊಳ್ಳುತ್ತವೆ. ನ್ಯಾನೋ ಕಣ ಬೇಕಿದ್ದರೆ ಸರಿಯಾದ ಉಷ್ಣತೆ ಯಾವುದು?

ಉತ್ತರ: ಪುಡಿ ಅರೆದು ಕುಲುಮೆಗಿಡುವ ಪ್ರತಿಯೊಬ್ಬರೂ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು. ಕೇಳುವಾಗ ಎಲ್ಲರ ಕಣ್ಣೂ ಕುಲುಮೆಯ ಗುಂಡಿಯ ಮೇಲೆಯೇ ಇರುತ್ತದೆ. ಗುಂಡಿಯನ್ನು ಸದ್ಯಕ್ಕೆ ಮರೆತುಬಿಡಿ. ನಿಮ್ಮ ತೊಂದರೆ ಹುಟ್ಟುತ್ತಿರುವುದು ಅದಕ್ಕೂ ಮೊದಲು, ಖಲ್ಲಿನಲ್ಲಿ.

ನೀರಿನಲ್ಲಿ ಕರಗಿದ ಅಯಾನುಗಳು ಅಲೆಯುತ್ತ ಒಂದನ್ನೊಂದು ತಾವೇ ಸಂಧಿಸುತ್ತವೆ. ಘನಸ್ಥಿತಿಯಲ್ಲಿ ಆ ಸುಖವಿಲ್ಲ. ಎರಡು ಕಣಗಳು ತಾಗಿದ ಜಾಗದಲ್ಲಷ್ಟೇ ಪ್ರತಿಕ್ರಿಯೆ ಶುರುವಾಗುತ್ತದೆ. ಅಲ್ಲಿ ಹುಟ್ಟಿದ ಹೊಸ ವಸ್ತು ಇಬ್ಬರ ನಡುವೆ ಗೋಡೆಯಾಗಿ ನಿಲ್ಲುತ್ತದೆ. ಆಮೇಲೆ ಅಯಾನುಗಳು ಆ ಗೋಡೆಯೊಳಗೆ ತೂರಿಕೊಂಡೇ ಸಾಗಬೇಕು. ಅದಕ್ಕೆ ಹಿಡಿಯುವ ಕಾಲ ದೂರದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಒಂದು ಮೈಕ್ರಾನ್ ದಾಟಲು 10 ಗಂಟೆ ಬೇಕು ಎಂದಿಟ್ಟುಕೊಳ್ಳಿ. ಅದೇ ಉಷ್ಣತೆಯಲ್ಲಿ ಅದರ ಹತ್ತರಲ್ಲೊಂದು ಪಾಲು, ಅಂದರೆ 100 ನ್ಯಾನೋಮೀಟರ್, ದಾಟಲು ನೂರರಲ್ಲೊಂದು ಪಾಲು ಕಾಲ, ಆರೇ ನಿಮಿಷ ಸಾಕು. ನೀವು ಮುನ್ನೂರು ನಾನೂರು ಡಿಗ್ರಿ ಹೆಚ್ಚಿಸಿ ಕೊಂಡುಕೊಳ್ಳುತ್ತಿರುವ ವೇಗ ದೂರ ಕಡಿಮೆ ಮಾಡಿದರೆ ಪುಕ್ಕಟೆಯಾಗಿ ಸಿಗುತ್ತದೆ.

ಹೆಚ್ಚಿಸಿದ ಉಷ್ಣತೆಯಂತೂ ಪುಕ್ಕಟೆಯಲ್ಲ. ಸಾರಿನ ಮೇಲೆ ತೇಲುವ ಎಣ್ಣೆಯ ಹನಿಗಳನ್ನು ನೋಡಿ: ಪಕ್ಕದಲ್ಲಿ ಬಂದರೆ ಸಾಕು, ಕೂಡಿ ದೊಡ್ಡದಾಗುತ್ತವೆ. ಕಣಗಳೂ ಮೇಲ್ಮೈಯನ್ನು ಕಡಿಮೆ ಮಾಡಿಕೊಳ್ಳಲು ಹಾತೊರೆಯುತ್ತವೆ; ಕಣ ಚಿಕ್ಕದಾದಷ್ಟೂ ಆ ಹಂಬಲ ಹೆಚ್ಚು. ಅಯಾನು ಸರಾಗವಾಗಿ ಓಡಾಡುವ ಉಷ್ಣತೆಯಲ್ಲಿ ಕಣಗಳ ನಡುವೆ ಕುತ್ತಿಗೆ ಬೆಳೆದು, ಸಣ್ಣದನ್ನು ದೊಡ್ಡದು ನುಂಗುತ್ತದೆ. ಪ್ರತಿಕ್ರಿಯೆಯನ್ನು ಮುಗಿಸುವುದೂ ಕಣವನ್ನು ಊದಿಸುವುದೂ ಒಂದೇ ಓಡಾಟ.

ಬೇರಿಯಂ ಟೈಟನೇಟಿನಲ್ಲಿ ಒಂದು ಅನುಕೂಲವಿದೆ. ಇಲ್ಲಿ ಮುಖ್ಯವಾಗಿ ಚಲಿಸುವುದು ಬೇರಿಯಂ. ಟೈಟಾನಿಯಂ ಕೂತಲ್ಲೇ ಕೂತಿರುತ್ತದೆ. ಬೇರಿಯಂ ಬಂದು ಟೈಟಾನಿಯಂ ಡೈಆಕ್ಸೈಡ್ ಕಣದೊಳಗೆ ಸೇರಿಕೊಳ್ಳುತ್ತದೆ. ಹಾಗಾಗಿ ಟೈಟಾನಿಯಾ (ಟೈಟಾನಿಯಂ ಡೈಆಕ್ಸೈಡ್‌ನ ಇನ್ನೊಂದು ಹೆಸರು) ಕಣವೇ ಅಚ್ಚು. ಅದು ಅರ್ಧ ಮೈಕ್ರಾನ್ ಇದ್ದರೆ ಕುಲುಮೆಯನ್ನು ಎಷ್ಟು ನಾಜೂಕಾಗಿ ನಡೆಸಿದರೂ 50 ನ್ಯಾನೋಮೀಟರಿನ ಟೈಟನೇಟ್ ಬರುವುದಿಲ್ಲ. ದುಡ್ಡು ಖರ್ಚು ಮಾಡುವುದಿದ್ದರೆ ಮೊದಲು ನುಣುಪಾದ, ಗಂಟುಕಟ್ಟದ ಟೈಟಾನಿಯಾಕ್ಕೆ ಮಾಡಿ.

ಹಾಗೆಂದು ಕಾರ್ಬೊನೇಟನ್ನು ಕಡೆಗಣಿಸಬೇಡಿ. ಅದರ ಕಣಗಳು ಹೆಚ್ಚಾಗಿ ಕಡ್ಡಿಯಂತೆ ಉದ್ದ, ಬೇಗ ಮುದ್ದೆಗಟ್ಟುತ್ತವೆ. ಮುದ್ದೆ ಇದ್ದಲ್ಲಿ ಬೇರಿಯಂ ಜಾಸ್ತಿಯಾಗಿ, ಎರಡು ಬೇರಿಯಂಗೆ ಒಂದು ಟೈಟಾನಿಯಂ ಇರುವ ಆರ್ಥೊಟೈಟನೇಟ್ ಹುಟ್ಟುತ್ತದೆ. ನಿಮ್ಮ ‘ಅರ್ಧಕ್ಕೇ ನಿಂತ’ ಪುಡಿಯಲ್ಲಿ ಬಹುಶಃ ಅದೂ ಇದೆ. ಎರಡನ್ನೂ ಪ್ರೊಪನಾಲ್ ಹಾಕಿ, ಗುಂಡುಗಳು ಉರುಳಿ ಅರೆಯುವ ಬಾಲ್ ಮಿಲ್ಲಿನಲ್ಲಿ ಅರೆಯಿರಿ. ಎಷ್ಟು ಹೊತ್ತು ಎನ್ನುವಲ್ಲಿ ಅತಿಯಾಸೆ ಬೇಡ, ಗುಂಡುಗಳೂ ಸವೆದು ಪುಡಿಗೆ ಸೇರುತ್ತವೆ. ಮೂಸೆಯಲ್ಲಿ ಪುಡಿಯನ್ನು ತೆಳುವಾಗಿ ಹರಡಿ, ಗಾಳಿಯಾಡಲು ಬಿಡಿ; ಹೊರಬಂದ ಇಂಗಾಲದ ಡೈಆಕ್ಸೈಡ್ ಅಲ್ಲೇ ನಿಂತರೆ ಪ್ರತಿಕ್ರಿಯೆಗೆ ತಡೆ. ಒಮ್ಮೆ ಕಾಯಿಸಿ, ತೆಗೆದು, ಮತ್ತೆ ಅರೆದು, ಮತ್ತೆ ಕಾಯಿಸುವುದೂ ಫಲ ಕೊಡುತ್ತದೆ. ಭಸ್ಮ ಮಾಡುವ ವೈದ್ಯರು ಅರೆದು ಅರೆದು ಪುಟ ಕೊಡುವುದನ್ನು ಕಂಡವರಿಗೆ ಇದು ಹೊಸದೆನಿಸದು. ಎರಡೂ ಪುಡಿ ನುಣುಪಾಗಿ, ಸಮನಾಗಿ ಬೆರೆತಿದ್ದರೆ 900 ಡಿಗ್ರಿಯ ಒಳಗೇ ಕೆಲಸ ಮುಗಿಯುತ್ತದೆ. ನೀವು ಕೇಳಿದ ಅಂಕಿ ಇದು, ಆದರೆ ಷರತ್ತುಗಳಿಲ್ಲದೆ ಅದಕ್ಕೆ ಬೆಲೆಯಿಲ್ಲ.

ದೂರವನ್ನು ಇನ್ನೂ ಇಳಿಸಬಹುದೇ? ಅಯಾನುಗಳ ಮಟ್ಟದಲ್ಲೇ ಬೆರೆಸಿಬಿಟ್ಟರೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಸಿ. ಪಾಟೀಲ್ ಮತ್ತು ಕಿಂಗ್‌ಸ್ಲಿ ಅದನ್ನೇ ಮಾಡಿದರು. 1988ರಲ್ಲಿ ಪ್ರಕಟವಾದ ವಿಧಾನ: ಅಲ್ಯುಮಿನಿಯಂ ನೈಟ್ರೇಟ್ ಮತ್ತು ಯೂರಿಯಾ ದ್ರಾವಣವನ್ನು 500 ಡಿಗ್ರಿಯ ಕುಲುಮೆಗೆ ಇಟ್ಟರೆ ಅದು ಕುದಿದು, ನೊರೆಯಾಗಿ, ಹೊತ್ತಿ ಉರಿಯುತ್ತದೆ. ಐದು ನಿಮಿಷದೊಳಗೆ ಆಲ್ಫಾ ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡಿನ ಒಂದು ಸ್ಫಟಿಕ ರೂಪ) ಸಿದ್ಧ. ಉರಿ ಸಾವಿರ ಡಿಗ್ರಿ ದಾಟಿದರೂ ಉಳಿಯುವುದು ಕ್ಷಣಕಾಲ, ಹೊರನುಗ್ಗುವ ಅನಿಲ ಕಣಗಳನ್ನು ದೂರ ದೂರ ಇಡುತ್ತದೆ. ಹೊಲಕ್ಕೆ ಹಾಕುವ ಯೂರಿಯಾ ಇಲ್ಲಿ ಸೌದೆ! ಶುದ್ಧ ಘನಸ್ಥಿತಿಯ ವಿಧಾನ ಇದಲ್ಲ, ಒಪ್ಪುತ್ತೇನೆ. ಆದರೆ ನಿಮಗೆ ಬೇಕಾದ ಪಾಠ ಇದರಲ್ಲೇ ಸ್ಪಷ್ಟವಾಗಿ ಕಾಣುತ್ತದೆ.

ಇನ್ನೊಂದು ಮಾತು, ನೀವು ಕೇಳದಿದ್ದರೂ. ಎಷ್ಟು ಚಿಕ್ಕದು ಬೇಕು? ಮೊಬೈಲಿನೊಳಗಿನ ಪದರು ಕೆಪಾಸಿಟರ್‌ಗಳಲ್ಲಿ ಬೇರಿಯಂ ಟೈಟನೇಟಿನ ಒಂದೊಂದು ಪದರವೂ ಒಂದು ಮೈಕ್ರಾನಿಗಿಂತ ತೆಳುವಾಗಬಲ್ಲದು. ಅದಕ್ಕೆ 100-200 ನ್ಯಾನೋಮೀಟರಿನ ಪುಡಿ ಹೊಂದುತ್ತದೆ. ಅದರ ವಿದ್ಯುತ್ ಗುಣವೆಲ್ಲ ಇರುವುದು ಅದರ ಸ್ಫಟಿಕ ಒಂದು ದಿಕ್ಕಿನಲ್ಲಿ ಶೇಕಡಾ ಒಂದರಷ್ಟು ಉದ್ದವಾಗಿರುವುದರಲ್ಲಿ. ಕಣ ಹತ್ತಾರು ನ್ಯಾನೋಮೀಟರಿಗೆ ಇಳಿದರೆ ಆ ಉದ್ದ ಕರಗುತ್ತ ಹೋಗುತ್ತದೆ. ಗಾತ್ರ ಗೆದ್ದು ಗುಣ ಸೋತಂತೆ.

ಎಕ್ಸ್-ರೇ ಚಿತ್ರದಲ್ಲಿ 45 ಡಿಗ್ರಿ ಕೋನದ ಬಳಿಯ ಶಿಖರ ಎರಡಾಗಿ ಒಡೆದಿದೆಯೇ ನೋಡಿ; ಒಡೆದಿದ್ದರೆ ಆ ಉದ್ದ ಉಳಿದಿದೆ. ಅದೇ ಚಿತ್ರದ ಶಿಖರಗಳ ಅಗಲದಿಂದ ಶೆರರ್ ಸೂತ್ರ ಹಾಕಿ ‘ಕಣದ ಗಾತ್ರ 30 ನ್ಯಾನೋಮೀಟರ್’ ಎಂದು ಬರೆದು ಮುಗಿಸುವ ಪ್ರಬಂಧಗಳನ್ನು ಓದಿ ನನಗೆ ಸಾಕಾಗಿದೆ. ಆ ಸೂತ್ರ ಹೇಳುವುದು ಸ್ಫಟಿಕದ ತುಣುಕಿನ ಗಾತ್ರ, ಇಡೀ ಕಣದ್ದಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡಿ. ಅದಕ್ಕೂ ಮುಂಚೆ ತಕ್ಕಡಿ: 84.6 ಗ್ರಾಂ ಕಾರ್ಬೊನೇಟ್, 34.3 ಗ್ರಾಂ ಟೈಟಾನಿಯಾ ಒಳಗೆ ಹೋದರೆ 100 ಗ್ರಾಂ ಹೊರಗೆ ಬರಬೇಕು. ಅದಕ್ಕಿಂತ ಹೆಚ್ಚು ತೂಗಿದರೆ ಕಾರ್ಬೊನೇಟ್ ಇನ್ನೂ ಉಳಿದಿದೆ; ಮತ್ತೆ ಖಲ್ಲಿಗೆ ಹಾಕಿ.